ನಿಯಮ ಸರಿಯಿತ್ತು, ನಡೆ ತಪ್ಪಿತ್ತು: ನಾರ್ವೆಯ ಗಾಲ್ಫ್ ಆಟಗಾರ್ತಿ ಸುಝಾನ್ ಪೆಟರ್ಸನ್ ಕಲಿತ ಪಾಠ



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಕಿರುಪರೀಕ್ಷೆಯ ಉತ್ತರ ಪತ್ರಿಕೆ ನಿಮ್ಮ ಕೈಗೆ ಬಂದಿದೆ. ಅಂಕ ಕೂಡುವಾಗ ಉಪನ್ಯಾಸಕರು ತಪ್ಪಿದ್ದಾರೆ. ನಿಮಗೆ ನಾಲ್ಕು ಅಂಕ ಕಡಿಮೆ ಬಂದಿದ್ದರೆ ತಕ್ಷಣ ಎದ್ದು ಹೋಗಿ ತೋರಿಸುತ್ತಿದ್ದಿರಿ. ಆದರೆ ಬಂದಿರುವುದು ನಾಲ್ಕು ಅಂಕ ಹೆಚ್ಚು. ಈಗ ಏನು ಮಾಡುತ್ತೀರಿ? "ಹೆಚ್ಚು ಬಂದರೆ ಹೇಳಲೇಬೇಕು ಅಂತ ಯಾವ ನಿಯಮವೂ ಇಲ್ಲವಲ್ಲ" ಎಂದು ಮನಸ್ಸು ಒಳಗೊಳಗೇ ಹೇಳುತ್ತದೆ. ನಿಯಮ ಇಲ್ಲದಿರಬಹುದು. ಆದರೂ ಪತ್ರಿಕೆ ಮಡಚಿ ಬ್ಯಾಗಿಗೆ ಹಾಕುವಾಗ ಕೈ ಸ್ವಲ್ಪ ಅಳುಕುತ್ತದೆ. ಆ ಅಳುಕು ಏಕೆ?

ನಿಯಮ ಒಪ್ಪುವುದಕ್ಕೂ ನ್ಯಾಯ ಒಪ್ಪುವುದಕ್ಕೂ ನಡುವೆ ಒಂದು ಕಿರಿದಾದ ಜಾಗ ಇದೆ. ಅಲ್ಲಿ ಕಾಲಿಟ್ಟು ಎಡವಿದ, ಎಡವಿದ್ದನ್ನು ಇಡೀ ಜಗತ್ತಿನ ಮುಂದೆ ಒಪ್ಪಿಕೊಂಡ ಒಬ್ಬ ದೊಡ್ಡ ಆಟಗಾರ್ತಿಯ ಕಥೆ ಇದು. ಅವರ ಹೆಸರು ಸುಝಾನ್ ಪೆಟರ್ಸನ್. ದೇಶ ನಾರ್ವೆ. ಆಟ ಗಾಲ್ಫ್.

ಮೊದಲು ಆಟದ ಪರಿಚಯ

ನಮ್ಮಲ್ಲಿ ಗಾಲ್ಫ್ ನೋಡಿದವರು ಕಡಿಮೆ. ಆದ್ದರಿಂದ ನಾಲ್ಕು ಮಾತು ಮೊದಲೇ ತಿಳಿದಿರಲಿ.

ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಹೋಲ್‌ಗಳಿರುತ್ತವೆ. ಹೋಲ್ ಎಂದರೆ ಕುಳಿ. ಅದರ ಅಗಲ ಸುಮಾರು 10.8 ಸೆಂಟಿಮೀಟರ್ ಮಾತ್ರ, ಅಂದರೆ ಒಂದು ದೊಡ್ಡ ಲೋಟದ ಬಾಯಿಯಷ್ಟು. ನೂರಾರು ಮೀಟರ್ ದೂರದಿಂದ ಚೆಂಡನ್ನು ಹೊಡೆಯುತ್ತಾ ಬಂದು ಕೊನೆಗೆ ಆ ಕುಳಿಗೆ ಬೀಳಿಸಬೇಕು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದ ಹಾಗೆ. ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಸಾಕು ಎಂಬ ಲೆಕ್ಕವಿದೆ. ಅದಕ್ಕೆ 'ಪಾರ್' ಎನ್ನುತ್ತಾರೆ. ಪಾರ್‌ಗಿಂತ ಒಂದು ಕಡಿಮೆ ಆದರೆ 'ಬರ್ಡಿ', ಒಂದು ಹೆಚ್ಚಾದರೆ 'ಬೋಗಿ'. ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು 'ಗ್ರೀನ್'. ಅಲ್ಲಿ ಚೆಂಡನ್ನು ಮೆಲ್ಲನೆ ಉರುಳಿಸುವ ಹೊಡೆತ 'ಪಟ್'.

ಒಂದೇ ಒಂದು ಹೊಡೆತಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು. ನಾಲ್ಕು ದಿನ, 72 ಹೋಲ್‌ಗಳ ನಂತರ ಪದಕಕ್ಕೂ ಅವರಿಗೂ ನಡುವೆ ಉಳಿದದ್ದು ಒಂದು ಹೊಡೆತ.

ಗಾಲ್ಫ್‌ನ ಇನ್ನೊಂದು ಗುಣವನ್ನೂ ನೆನಪಿಡಿ. ಕ್ರಿಕೆಟ್‌ನಲ್ಲಿ ಅಂಪೈರ್ ಪಕ್ಕದಲ್ಲೇ ನಿಂತಿರುತ್ತಾನೆ. ಗಾಲ್ಫ್‌ನಲ್ಲಿ ಬಹುಪಾಲು ಸಮಯ ಹಾಗೆ ಯಾರೂ ಇರುವುದಿಲ್ಲ. ತನ್ನ ಚೆಂಡು ತನ್ನಿಂದ ಅಲುಗಿದರೆ ಆಟಗಾರನೇ ಅದನ್ನು ಹೇಳಿ ದಂಡ ಹಾಕಿಕೊಳ್ಳಬೇಕು. ಈ ಆಟ ನಿಂತಿರುವುದೇ ಆಟಗಾರರ ಪ್ರಾಮಾಣಿಕತೆಯ ಮೇಲೆ.

ಓಸ್ಲೋದಿಂದ ಅಮೆರಿಕಕ್ಕೆ

ಸುಝಾನ್ ಪೆಟರ್ಸನ್ ಹುಟ್ಟಿದ್ದು 1981ರ ಏಪ್ರಿಲ್ 7ರಂದು, ನಾರ್ವೆಯ ರಾಜಧಾನಿ ಓಸ್ಲೋದಲ್ಲಿ. ನಾರ್ವೆ ಎಂದರೆ ಹಿಮದ ನಾಡು. ಅಲ್ಲಿ ಮಕ್ಕಳು ಹೆಚ್ಚಾಗಿ ಸ್ಕೀಯಿಂಗ್ ಕಲಿಯುತ್ತಾರೆ. ವರ್ಷದ ಹಲವು ತಿಂಗಳು ಗಾಲ್ಫ್ ಮೈದಾನ ಹಿಮದ ಅಡಿಯಲ್ಲಿರುತ್ತದೆ. ಅಂಥ ಊರಿನ ಹುಡುಗಿ ದೇಶದ ಹವ್ಯಾಸಿ ಚಾಂಪಿಯನ್ ಪಟ್ಟವನ್ನು ಸತತವಾಗಿ ಗೆದ್ದಳು. 2000ರಲ್ಲಿ, 19ನೇ ವಯಸ್ಸಿಗೆ ವೃತ್ತಿಪರ ಆಟಗಾರ್ತಿಯಾದಳು. ಮರುವರ್ಷ ಫ್ರಾನ್ಸ್‌ನಲ್ಲಿ ನಡೆದ ಓಪನ್ ಟೂರ್ನಿ ಗೆದ್ದು ಯುರೋಪಿನ ಗಮನ ಸೆಳೆದಳು. 2003ರಿಂದ ಅಮೆರಿಕದ ಎಲ್‌ಪಿಜಿಎ ಟೂರ್‌ನಲ್ಲಿ ಆಡತೊಡಗಿದಳು. ಎಲ್‌ಪಿಜಿಎ ಎಂಬುದು 1950ರಲ್ಲಿ ಆರಂಭವಾದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆ. ಜಗತ್ತಿನ ಶ್ರೇಷ್ಠ ಆಟಗಾರ್ತಿಯರು ಸೇರುವ ಕಣ ಅದು. ನಮ್ಮ ಅದಿತಿ ಆಡುವುದೂ ಅಲ್ಲಿಯೇ.

ಅಲ್ಲಿ ಆರಂಭ ಸುಲಭವಾಗಿರಲಿಲ್ಲ. ಮೊಣಕೈ ಮತ್ತು ಬೆನ್ನಿನ ತೊಂದರೆ ಕಾಡಿದವು. ನಾಲ್ಕು ವರ್ಷ ಆಡಿದರೂ ಎಲ್‌ಪಿಜಿಎಯಲ್ಲಿ ಒಂದು ಗೆಲುವೂ ಬರಲಿಲ್ಲ.

2007: ಕೈತಪ್ಪಿದ್ದು, ಕೈಗೆ ಬಂದದ್ದು

2007ರ ಏಪ್ರಿಲ್ 1. ಕ್ಯಾಲಿಫೋರ್ನಿಯಾದಲ್ಲಿ ಕ್ರಾಫ್ಟ್ ನಬಿಸ್ಕೊ ಚಾಂಪಿಯನ್‌ಷಿಪ್‌ನ ಕೊನೆಯ ದಿನ. ಇದು ವರ್ಷದ 'ಮೇಜರ್' ಟೂರ್ನಿಗಳಲ್ಲೊಂದು. ಟೆನಿಸ್‌ನಲ್ಲಿ ವಿಂಬಲ್ಡನ್ ಹೇಗೋ ಗಾಲ್ಫ್‌ನಲ್ಲಿ ಮೇಜರ್ ಹಾಗೆ. ಪೆಟರ್ಸನ್ ನಾಲ್ಕು ಹೊಡೆತಗಳಿಂದ ಮುಂದಿದ್ದರು. ಉಳಿದದ್ದು ನಾಲ್ಕೇ ಹೋಲ್. ಗೆಲುವು ಅವರದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ 15, 16 ಮತ್ತು 17ನೇ ಹೋಲ್‌ಗಳಲ್ಲಿ ಒಟ್ಟು ನಾಲ್ಕು ಹೊಡೆತ ಕಳೆದುಕೊಂಡರು. 18 ವರ್ಷದ ಅಮೆರಿಕದ ಹುಡುಗಿ ಮಾರ್ಗನ್ ಪ್ರೆಸ್ಸೆಲ್ ಒಂದು ಹೊಡೆತದಿಂದ ಗೆದ್ದಳು.

ಪರೀಕ್ಷೆಯಲ್ಲಿ ಕೈಜಾರಿದ ಒಂದು ಪತ್ರಿಕೆಯ ನೆನಪಿನಲ್ಲೇ ಉಳಿದ ಪತ್ರಿಕೆಗಳನ್ನೂ ಹಾಳುಮಾಡಿಕೊಳ್ಳುವವರು ನಮ್ಮಲ್ಲಿ ಎಷ್ಟಿಲ್ಲ? ಪೆಟರ್ಸನ್ ಹಾಗೆ ಮಾಡಲಿಲ್ಲ. ಮೇ ತಿಂಗಳಲ್ಲಿ ಮಿಕಲೋಬ್ ಅಲ್ಟ್ರಾ ಓಪನ್ ಟೂರ್ನಿಯನ್ನು ಪ್ಲೇಆಫ್‌ನಲ್ಲಿ ಗೆದ್ದರು. ಅದು ಅವರ ಮೊದಲ ಎಲ್‌ಪಿಜಿಎ ಗೆಲುವು. ಜೂನ್‌ನಲ್ಲಿ ಮೇರಿಲ್ಯಾಂಡ್‌ನ ಬುಲ್ ರಾಕ್‌ನಲ್ಲಿ ನಡೆದ ಎಲ್‌ಪಿಜಿಎ ಚಾಂಪಿಯನ್‌ಷಿಪ್‌ನ ಕೊನೆಯ ದಿನ 67 ಹೊಡೆತಗಳಲ್ಲಿ ಸುತ್ತು ಮುಗಿಸಿ, ಆಸ್ಟ್ರೇಲಿಯಾದ ಕ್ಯಾರಿ ವೆಬ್ ಅವರನ್ನು ಒಂದು ಹೊಡೆತದಿಂದ ಹಿಂದಿಕ್ಕಿದರು. ಮೇಜರ್ ಗೆದ್ದ ಮೊದಲ ನಾರ್ವೆ ಆಟಗಾರ್ತಿ ಎನಿಸಿದರು. ಕೈತಪ್ಪಿದ ಪಟ್ಟಕ್ಕೂ ಕೈಗೆ ಬಂದ ಪಟ್ಟಕ್ಕೂ ನಡುವಿನ ಅಂತರ ಕೇವಲ ಹತ್ತು ವಾರ. ಆ ವರ್ಷ ಒಟ್ಟು ಐದು ಟೂರ್ನಿ ಗೆದ್ದರು.

2013ರಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ ಎರಡನೇ ಮೇಜರ್ ಬಂತು. ಒಟ್ಟಾರೆ ಎಲ್‌ಪಿಜಿಎಯಲ್ಲಿ 15 ಗೆಲುವು ಅವರ ಲೆಕ್ಕದಲ್ಲಿದೆ. ಇಷ್ಟೇ ಆಗಿದ್ದರೂ ಅದು ದೊಡ್ಡ ಸಾಧನೆಯೇ. ಆದರೆ ನಾವು ಇಂದು ಕಲಿಯಬೇಕಾದ ಪಾಠ ಈ ಟ್ರೋಫಿಗಳಲ್ಲಿ ಇಲ್ಲ. ಅದು ತಂಡಗಳ ನಡುವಿನ ಒಂದು ಪಂದ್ಯದಲ್ಲಿದೆ.

ಸೋಲ್‌ಹೈಮ್ ಕಪ್ ಮತ್ತು 'ಬಿಟ್ಟುಕೊಡುವುದು'

ಗಾಲ್ಫ್ ಸಾಮಾನ್ಯವಾಗಿ ಒಬ್ಬೊಬ್ಬರೇ ಆಡುವ ಆಟ. ಆದರೆ 1990ರಿಂದ ಯುರೋಪ್ ಮತ್ತು ಅಮೆರಿಕದ ಮಹಿಳಾ ತಂಡಗಳ ನಡುವೆ ಸೋಲ್‌ಹೈಮ್ ಕಪ್ ನಡೆಯುತ್ತಿದೆ. ನಾರ್ವೆಯ ಬರ್ಗೆನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ 'ಪಿಂಗ್' ಎಂಬ ಗಾಲ್ಫ್ ಸಲಕರಣೆ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಅವರ ಹೆಸರು ಇದಕ್ಕೆ. ಒಂದೊಂದು ತಂಡದಲ್ಲಿ 12 ಮಂದಿ. ಮೂರು ದಿನ, 28 ಪಂದ್ಯ, 28 ಅಂಕ. ಗೆದ್ದರೆ ಒಂದು ಅಂಕ, ಸಮವಾದರೆ ಅರ್ಧ ಅಂಕ. ಒಟ್ಟು 14–14 ಆದರೆ, ಹಿಂದಿನ ಸಲ ಕಪ್ ಗೆದ್ದವರ ಬಳಿಯೇ ಅದು ಉಳಿಯುತ್ತದೆ.

ಇಲ್ಲಿ ಒಟ್ಟು ಹೊಡೆತಗಳ ಲೆಕ್ಕವಿಲ್ಲ. ಒಂದೊಂದು ಹೋಲ್ ಒಂದೊಂದು ಸಣ್ಣ ಸ್ಪರ್ಧೆ. ಹೆಚ್ಚು ಹೋಲ್ ಗೆದ್ದವರು ಪಂದ್ಯ ಗೆಲ್ಲುತ್ತಾರೆ. ಈ ಬಗೆಯ ಆಟದಲ್ಲಿ ಒಂದು ಸುಂದರವಾದ ರೂಢಿ ಇದೆ. ಎದುರಾಳಿಯ ಚೆಂಡು ಕುಳಿಯ ತೀರಾ ಹತ್ತಿರ ಬಂದು ನಿಂತರೆ, "ಆಯ್ತು, ಎತ್ತಿಕೊಳ್ಳಿ" ಎಂದು ನಾವೇ ಹೇಳಬಹುದು. ಆಗ ಕೊನೆಯ ಪಟ್ ಹೊಡೆಯದೆಯೇ ಅದು ಕುಳಿಗೆ ಬಿದ್ದ ಲೆಕ್ಕ. ಇದೇ ಬಿಟ್ಟುಕೊಡುವುದು.

ಇದರ ಪ್ರಸಿದ್ಧ ಉದಾಹರಣೆ 1969ರದು. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಮೈದಾನದಲ್ಲಿ ಪುರುಷರ ರೈಡರ್ ಕಪ್‌ನ ಕೊನೆಯ ಪಂದ್ಯ, ಕೊನೆಯ ಹೋಲ್. ಬ್ರಿಟನ್ನಿನ ಟೋನಿ ಜಾಕ್ಲಿನ್ ಒಂದು ಚಿಕ್ಕ ಪಟ್ ಹೊಡೆಯಬೇಕಿತ್ತು. ತಪ್ಪಿದರೆ ಅಮೆರಿಕ ಸ್ಪಷ್ಟವಾಗಿ ಗೆಲ್ಲುತ್ತಿತ್ತು. ಅಮೆರಿಕದ ಜಾಕ್ ನಿಕ್ಲಾಸ್ ಆ ಪಟ್ ಬಿಟ್ಟುಕೊಟ್ಟರು. ಪಂದ್ಯಾವಳಿ 16–16 ಸಮವಾಯಿತು. ಅಂದಿನ ಅಂಕಪಟ್ಟಿ ಮರೆತವರಿಗೂ ನಿಕ್ಲಾಸ್ ಅವರ ಆ ನಡೆ ಇಂದಿಗೂ ನೆನಪಿದೆ.

ಆದರೆ ಒಂದು ಮಾತು: ಬಿಟ್ಟುಕೊಡಬೇಕು ಎಂಬ ಕಡ್ಡಾಯ ಇಲ್ಲ. ಎದುರಾಳಿ ಸ್ಪಷ್ಟವಾಗಿ ಬಿಟ್ಟುಕೊಡದೆ ಚೆಂಡು ಎತ್ತಿಕೊಂಡರೆ ಅದು ನಿಯಮದ ಪ್ರಕಾರ ತಪ್ಪು.

2015: ಹದಿನೇಳನೇ ಹೋಲ್

2015ರ ಸೆಪ್ಟೆಂಬರ್. ಜರ್ಮನಿಯ ಸೇಂಟ್ ಲಿಯೋನ್‌ರೋಟ್ ಮೈದಾನ. ಶನಿವಾರ ಕತ್ತಲಾದ್ದರಿಂದ ನಿಂತ ಪಂದ್ಯಗಳು ಭಾನುವಾರ ಬೆಳಿಗ್ಗೆ ಮುಂದುವರಿದವು. ಒಂದು ಕಡೆ ಪೆಟರ್ಸನ್ ಮತ್ತು ಇಂಗ್ಲೆಂಡಿನ ಯುವ ಆಟಗಾರ್ತಿ ಚಾರ್ಲಿ ಹಲ್. ಇನ್ನೊಂದು ಕಡೆ ಅಮೆರಿಕದ ಆಲಿಸನ್ ಲೀ ಮತ್ತು ಬ್ರಿಟನಿ ಲಿನ್ಸಿಕಮ್. ಪಂದ್ಯ ಸಮಸಮ. ಹದಿನೇಳನೇ ಹೋಲ್‌ನಲ್ಲಿ ಲೀ ಹೊಡೆದ ಪಟ್ ಕುಳಿ ತಪ್ಪಿ ಸುಮಾರು 18 ಇಂಚು ಮುಂದೆ ಹೋಗಿ ನಿಂತಿತು. ಒಂದೂವರೆ ಅಡಿ! ಮಕ್ಕಳೂ ತಪ್ಪದ ದೂರ. ಎದುರಾಳಿಗಳು ಗ್ರೀನ್ ಬಿಟ್ಟು ಹೊರಡುತ್ತಿರುವುದನ್ನು ಕಂಡ ಲೀ, ಬಿಟ್ಟುಕೊಟ್ಟಿದ್ದಾರೆ ಎಂದೇ ತಿಳಿದು ಚೆಂಡು ಎತ್ತಿಕೊಂಡಳು.

ಆಗ ಪೆಟರ್ಸನ್ ಹೇಳಿದರು: ನಾವು ಬಿಟ್ಟುಕೊಟ್ಟಿಲ್ಲ.

ಅಧಿಕಾರಿಗಳು ನಿಯಮ ನೋಡಿದರು. ಪೆಟರ್ಸನ್ ಹೇಳಿದ್ದು ಸರಿಯಿತ್ತು. ಹೋಲ್ ಯುರೋಪಿನ ಪಾಲಾಯಿತು, ಮುಂದಿನ ಹೋಲ್ ಕೂಡ ಗೆದ್ದು ಪಂದ್ಯವೂ ಯುರೋಪಿನ ಪಾಲಾಯಿತು. ಆದರೆ ಮೈದಾನದಲ್ಲಿ ಗೆದ್ದ ಸಂತೋಷ ಕಾಣಲಿಲ್ಲ. ಲೀ ಅಳುತ್ತಿದ್ದಳು. ಗೆದ್ದ ಕಡೆಯ ಹಲ್ ಕೂಡ ಅಳುತ್ತಿದ್ದಳು. ಅಮೆರಿಕ ತಂಡದ ನಾಯಕಿ ಜೂಲಿ ಇಂಕ್‌ಸ್ಟರ್ ತಮ್ಮ ಅಸಮಾಧಾನ ಬಚ್ಚಿಡಲಿಲ್ಲ.

ಆ ಹೊತ್ತಿಗೆ ಯುರೋಪ್ 10–6ರಿಂದ ಮುಂದಿತ್ತು. ಉಳಿದದ್ದು 12 ಒಂಟಿ ಪಂದ್ಯ. ಕಪ್ ಉಳಿಸಿಕೊಳ್ಳಲು ಯುರೋಪಿಗೆ ಬೇಕಿದ್ದದ್ದು ನಾಲ್ಕೇ ಅಂಕ. ಆದರೆ ಅಮೆರಿಕದವರು ಕೆರಳಿದ್ದರು. 12ರಲ್ಲಿ ಎಂಟೂವರೆ ಅಂಕ ಅವರೇ ಬಾಚಿಕೊಂಡು 14½–13½ರಿಂದ ಕಪ್ ಗೆದ್ದರು.

ಒಂದು ರಾತ್ರಿಯ ಅಂತರ

ಅಂದು ಸಂಜೆ ಪತ್ರಕರ್ತರು ಕೇಳಿದಾಗ ಪೆಟರ್ಸನ್ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಇದನ್ನು ಮುಚ್ಚಿಡುವುದು ಬೇಡ. ನಮ್ಮ ಮೇಲೆ ಯಾರಾದರೂ ಬೆರಳು ತೋರಿಸಿದಾಗ ನಮಗೂ ಮೊದಲು ಬರುವ ಮಾತು ಇದೇ ಅಲ್ಲವೇ? "ನಾನು ಮಾಡಿದ್ದರಲ್ಲಿ ತಪ್ಪೇನಿದೆ? ನಿಯಮ ಹಾಗೇ ಇದೆಯಲ್ಲ!"

ರಾತ್ರಿ ಕಳೆಯಿತು. ಮರುದಿನ ಜರ್ಮನಿಯಿಂದ ಹೊರಡುವ ಮುನ್ನ ಪೆಟರ್ಸನ್ ಎದುರು ತಂಡದ ನಾಯಕಿ ಇಂಕ್‌ಸ್ಟರ್ ಅವರನ್ನು ಮುಖತಃ ಭೇಟಿಯಾದರು. ತಮ್ಮ ಮನಸ್ಸಿನ ನೋವು ಹೇಳಿಕೊಂಡು, ತಮ್ಮ ಕ್ಷಮೆಯನ್ನು ಇಡೀ ತಂಡಕ್ಕೆ ತಲುಪಿಸಲು ಕೇಳಿಕೊಂಡರು. ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ಬಹಿರಂಗವಾಗಿ ಬರೆದರು. ತಂಡಕ್ಕಾಗಿ ಗೆಲ್ಲುವ ಭರದಲ್ಲಿ ಒಂದು ಪಂದ್ಯವನ್ನು, ಒಂದು ಅಂಕವನ್ನು ಕ್ರೀಡಾ ಮನೋಭಾವಕ್ಕಿಂತ ಮೇಲಿಟ್ಟೆ ಎಂದು ಒಪ್ಪಿಕೊಂಡರು. ತನ್ನ ತಂಡವನ್ನೂ ತಲೆ ತಗ್ಗಿಸುವಂತೆ ಮಾಡಿದೆ ಎಂದರು. ಈ ಆಟದಲ್ಲಿ ನಿಜವಾಗಿ ಮುಖ್ಯವಾದದ್ದು ಯಾವುದು ಎಂಬ ಪಾಠ ಕಲಿತೆ ಎಂದು ಬರೆದರು.

ವಿದ್ಯಾರ್ಥಿಗಳೇ, ಈ ಕ್ಷಮಾಪಣೆಯನ್ನು ಒಂದು ಪಾಠದಂತೆ ಬಿಡಿಸಿ ನೋಡಿ. ಅದರಲ್ಲಿ ನಾಲ್ಕು ಅಂಶಗಳಿವೆ.

ಮೊದಲನೆಯದು, ತಪ್ಪು ಯಾವುದು ಎಂದು ಹೆಸರಿಟ್ಟು ಹೇಳಿದ್ದು. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಎಂಬ ಜಾರಿಕೆಯ ಮಾತು ಅಲ್ಲಿಲ್ಲ.

ಎರಡನೆಯದು, ಹೊಣೆಯನ್ನು ತಾನೇ ಹೊತ್ತದ್ದು. ಕೇಳದೆ ಚೆಂಡು ಎತ್ತಿಕೊಂಡವಳು ಲೀ. ಅದನ್ನು ಎತ್ತಿ ಆಡುವ ಅವಕಾಶ ಇತ್ತು. ಎತ್ತಿ ಆಡಲಿಲ್ಲ.

ಮೂರನೆಯದು, ಮೊದಲು ಮುಖ ನೋಡಿ, ಆಮೇಲೆ ಮೊಬೈಲ್ ನೋಡಿದ್ದು. ನಾವು ಸ್ಟೇಟಸ್‌ನಲ್ಲಿ ಕ್ಷಮೆ ಕೇಳಿ ತರಗತಿಯಲ್ಲಿ ಮುಖ ತಿರುಗಿಸಿಕೊಂಡು ಕೂರುತ್ತೇವೆ.

ನಾಲ್ಕನೆಯದು, ತಡ ಮಾಡದ್ದು. ಸಮರ್ಥನೆಯಿಂದ ಕ್ಷಮೆಗೆ ಬರಲು ಅವರಿಗೆ ಬೇಕಾದದ್ದು ಒಂದು ರಾತ್ರಿ. ಕೆಲವರಿಗೆ ವರ್ಷಗಳು ಸಾಲುವುದಿಲ್ಲ.

ಮತ್ತೆ ಒಂದು ಪಟ್

ಕಥೆ ಇಲ್ಲಿಗೆ ಮುಗಿಯಲಿಲ್ಲ. 2017ರ ಸೋಲ್‌ಹೈಮ್ ಕಪ್‌ಗೆ ಪೆಟರ್ಸನ್ ಆಯ್ಕೆಯಾದರೂ ಬೆನ್ನುನೋವಿನಿಂದ ಹಿಂದೆ ಸರಿಯಬೇಕಾಯಿತು. ಅವರ ಜಾಗಕ್ಕೆ ಬಂದವರು ಸ್ಕಾಟ್ಲೆಂಡಿನ ಕ್ಯಾಟ್ರಿಯೋನಾ ಮ್ಯಾಥ್ಯೂ. 2018ರಲ್ಲಿ ಪೆಟರ್ಸನ್ ತಾಯಿಯಾದರು. ಬಹುಕಾಲ ಆಟದಿಂದ ದೂರ ಉಳಿದರು.

2019ರಲ್ಲಿ ಯುರೋಪ್ ತಂಡಕ್ಕೆ ಅದೇ ಮ್ಯಾಥ್ಯೂ ನಾಯಕಿ. ನಾಯಕಿಗೆ ತನ್ನ ಇಷ್ಟದ ಕೆಲವರನ್ನು ಆರಿಸುವ ಹಕ್ಕಿದೆ. ಅವರು ಪೆಟರ್ಸನ್ ಹೆಸರು ಹೇಳಿದರು. ಎಷ್ಟೋ ತಿಂಗಳಿಂದ ಸರಿಯಾಗಿ ಆಡದವರನ್ನು ಏಕೆ ಆರಿಸಿದರು ಎಂದು ಹಲವರು ಹುಬ್ಬೇರಿಸಿದರು.

ಸೆಪ್ಟೆಂಬರ್ 15, ಸ್ಕಾಟ್ಲೆಂಡಿನ ಗ್ಲೆನೀಗಲ್ಸ್. ಕೊನೆಯ ದಿನದ ಕೊನೆಯ ಗಳಿಗೆ. ಅಂಕ 13½–13½. ಮೈದಾನದಲ್ಲಿ ಉಳಿದದ್ದು ಒಂದೇ ಪಂದ್ಯ, ಪೆಟರ್ಸನ್ ಮತ್ತು ಅಮೆರಿಕದ ಮರೀನಾ ಅಲೆಕ್ಸ್ ನಡುವಿನದು. ಅದೂ ಹದಿನೆಂಟನೇ ಹೋಲ್‌ನಲ್ಲಿ ಸಮಸಮ. ಪೆಟರ್ಸನ್ ಎದುರು ಸುಮಾರು ಏಳು ಅಡಿ ದೂರದ ಪಟ್. ತಪ್ಪಿದರೆ ಪಂದ್ಯ ಸಮವಾಗಬಹುದು, ಒಟ್ಟು 14–14 ಆಗಿ ಕಪ್ ಅಮೆರಿಕದ ಬಳಿಯೇ ಉಳಿಯಬಹುದು. ಬಿದ್ದರೆ ಕಪ್ ಯುರೋಪಿಗೆ.

ಚೆಂಡು ಉರುಳಿತು. ಕುಳಿಗೆ ಬಿತ್ತು. ಯುರೋಪ್ 14½, ಅಮೆರಿಕ 13½.

ಅಂಕಗಳನ್ನು ಗಮನಿಸಿ. ನಾಲ್ಕು ವರ್ಷ ಹಿಂದೆ ಯುರೋಪ್ ಸೋತದ್ದೂ ಇದೇ 14½–13½ರಿಂದ. ಆ ಗೆಲುವಿನ ಬೆನ್ನಲ್ಲೇ, ಮಗನನ್ನು ಎತ್ತಿಕೊಳ್ಳುವ ವಯಸ್ಸಿನಲ್ಲೇ, ಪೆಟರ್ಸನ್ ನಿವೃತ್ತಿ ಘೋಷಿಸಿದರು. ಆಟಗಾರ್ತಿಯಾಗಿ ಅದು ಅವರ ಒಂಬತ್ತನೇ ಸೋಲ್‌ಹೈಮ್ ಕಪ್. ವೃತ್ತಿಜೀವನದ ಕೊನೆಯ ಹೊಡೆತವೇ ಕಪ್ ಗೆದ್ದ ಹೊಡೆತ.

ಕ್ಷಮೆ ಕೇಳಿದ್ದಕ್ಕೆ ಆ ಪಟ್ ಬಿತ್ತು ಎಂದು ನಾನು ಹೇಳುವುದಿಲ್ಲ. ಚೆಂಡಿಗೆ ಅದೆಲ್ಲ ಗೊತ್ತಿರುವುದಿಲ್ಲ. ಪಟ್ ಬಿದ್ದದ್ದು ವರ್ಷಗಟ್ಟಲೆಯ ಅಭ್ಯಾಸದಿಂದ. ಆದರೆ ಆ ಪಟ್ ಹೊಡೆಯುವ ಜಾಗಕ್ಕೆ ಅವರನ್ನು ಕರೆತಂದದ್ದು ನಾಯಕಿಯ ನಂಬಿಕೆ. 2015ರ ಮಾತನ್ನೇ ಹಿಡಿದು ಹಟಕ್ಕೆ ಬಿದ್ದಿದ್ದರೆ ಅವರ ಹೆಸರಿನ ಜೊತೆ ಆ 18 ಇಂಚು ಮಾತ್ರ ಉಳಿಯುತ್ತಿತ್ತು.

ಮುಂದೆ ಯುರೋಪ್ ತಂಡದ ನಾಯಕತ್ವವೂ ಅವರಿಗೇ ಬಂತು. 2023ರಲ್ಲಿ ಸ್ಪೇನ್‌ನಲ್ಲಿ ಮೊದಲ ದಿನದ ಬೆಳಗಿನ ನಾಲ್ಕೂ ಪಂದ್ಯಗಳನ್ನು ಯುರೋಪ್ ಸೋತಿತು. ಅಲ್ಲಿಂದ ಮೇಲೆದ್ದ ತಂಡ 14–14 ಸಮ ಮಾಡಿಕೊಂಡು ಕಪ್ ಉಳಿಸಿಕೊಂಡಿತು. ಮರುವರ್ಷ ಅಮೆರಿಕದ ವರ್ಜೀನಿಯಾದಲ್ಲಿ 15½–12½ರಿಂದ ಸೋತಿತು. ಗೆಲುವು, ಸೋಲು ಎರಡೂ ಬಂದವು. ಇಷ್ಟರಲ್ಲಿ ಓಸ್ಲೋದ ಇನ್ನೊಬ್ಬ ಆಟಗಾರ ವಿಕ್ಟರ್ ಹೋವ್ಲಾಂಡ್ 2023ರಲ್ಲಿ ಪುರುಷರ ಫೆಡೆಕ್ಸ್ ಕಪ್ ಗೆದ್ದರು. ಹಿಮದ ನಾಡಿನಿಂದಲೂ ಗಾಲ್ಫ್ ಆಟಗಾರರು ಬರಬಹುದು ಎಂಬ ದಾರಿ ತೋರಿಸಿದವರಲ್ಲಿ ಪೆಟರ್ಸನ್ ಮೊದಲಿಗರು.

ನಮ್ಮ ತರಗತಿಗೆ ಬಂದರೆ

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಉತ್ತರ ಪತ್ರಿಕೆಯಲ್ಲಿ ಹೆಚ್ಚು ಬಂದ ಆ ನಾಲ್ಕು ಅಂಕ ನಮ್ಮ 18 ಇಂಚು. ಗುಂಪಾಗಿ ಮಾಡಿದ ಪ್ರಾಜೆಕ್ಟಿನಲ್ಲಿ ಗೆಳೆಯ ಮಾಡಿದ ಕೆಲಸಕ್ಕೆ ನಮಗೆ ಹೊಗಳಿಕೆ ಬಂದಾಗ ಸುಮ್ಮನಿರುವುದೂ 18 ಇಂಚು. ಯಾರೂ ಪ್ರಶ್ನಿಸಲಾರರು. ನಿಯಮ ಪುಸ್ತಕ ನಮ್ಮ ಪರವಾಗಿಯೇ ಇರುತ್ತದೆ. ಆದರೆ ನಿಯಮ ಹೇಳುವುದು ಇಷ್ಟಕ್ಕಿಂತ ಕೆಳಗೆ ಇಳಿಯಬೇಡ ಎಂದು ಮಾತ್ರ. ಎಷ್ಟು ಎತ್ತರಕ್ಕೆ ಏರಬೇಕು ಎಂಬುದನ್ನು ಅದು ನಮಗೇ ಬಿಟ್ಟಿದೆ.

ನಾವೆಲ್ಲರೂ ಒಂದಲ್ಲ ಒಂದು ದಿನ ಎಡವುತ್ತೇವೆ. ಉಪನ್ಯಾಸಕರಾದ ನಾವೂ ಇದಕ್ಕೆ ಹೊರತಲ್ಲ. ತರಗತಿಯಲ್ಲಿ ತಪ್ಪಾಗಿ ಗದರಿದ ಹುಡುಗನ ಬಳಿ ಮರುದಿನ ಹೋಗಿ "ನಿನ್ನೆ ನನ್ನದೇ ತಪ್ಪು ಕಣಪ್ಪಾ" ಎನ್ನುವುದು ನಮಗೂ ಕಷ್ಟ. ಆದರೆ ಎಡವಿದ ಮೇಲೆ ನಮ್ಮ ಕೈಯಲ್ಲಿ ಒಂದು ರಾತ್ರಿ ಇರುತ್ತದೆ. ಬೆಳಗಾದ ಮೇಲೆ ಯಾರ ಬಾಗಿಲಿಗೆ ಹೋಗುತ್ತೇವೆ ಎಂಬುದೇ ಮುಖ್ಯ.

ತರಗತಿಯಲ್ಲಿ ಚರ್ಚಿಸಿ

1. ಆಲಿಸನ್ ಲೀ ಕೇಳದೆ ಚೆಂಡು ಎತ್ತಿದ್ದು ಅವಸರವೇ, ನಂಬಿಕೆಯೇ? ಆ ಕ್ಷಣದಲ್ಲಿ ನೀವು ಪೆಟರ್ಸನ್ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

2. ಜಾಕ್ ನಿಕ್ಲಾಸ್ 1969ರಲ್ಲಿ ಬಿಟ್ಟುಕೊಟ್ಟದ್ದು ತನ್ನ ತಂಡಕ್ಕೆ ಮಾಡಿದ ಅನ್ಯಾಯ ಎಂದು ಯಾರಾದರೂ ವಾದಿಸಿದರೆ ನಿಮ್ಮ ಉತ್ತರವೇನು?

3. ಕ್ರಿಕೆಟ್‌ನಲ್ಲಿ ಚೆಂಡು ಬ್ಯಾಟಿಗೆ ತಾಗಿದ್ದು ಬ್ಯಾಟ್ಸ್‌ಮನ್‌ಗೆ ಮಾತ್ರ ಗೊತ್ತು, ಅಂಪೈರ್ ಔಟ್ ಕೊಟ್ಟಿಲ್ಲ. ಅವನು ತಾನಾಗಿ ಹೊರನಡೆಯಬೇಕೇ? ಎರಡೂ ಕಡೆಯ ವಾದ ಬರೆಯಿರಿ.

4. ನೀವು ಕ್ಷಮೆ ಕೇಳಬೇಕಾದವರು ಯಾರಾದರೂ ಇದ್ದಾರೆಯೇ? ಈ ಪ್ರಶ್ನೆಗೆ ಉತ್ತರ ಬರೆದು ತೋರಿಸಬೇಕಾಗಿಲ್ಲ. ಹೋಗಿ ಭೇಟಿಯಾದರೆ ಸಾಕು.